ಶಾವಿಗೆಯ ತುತ್ತು

ಮಗಳ ಮನೆಯ ಫ್ರೀಜರಿನಲ್ಲಿ ತೆಂಗಿನತುರಿ ಹುಡುಕುತ್ತಿದ್ದಾಗ ಇಲಿಮರಿ ಸಿಕ್ಕಿತು. ಒಂದಲ್ಲ, ಒಂದು ಚೀಲದ ತುಂಬ. ಬಟಾಣಿ ಪೊಟ್ಟಣದ ಪಕ್ಕದಲ್ಲೇ ಇತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ನಸುಗೆಂಪು ಬಣ್ಣ, ಮೈಮೇಲೆ ಒಂದು ರೋಮವಿಲ್ಲ. ಯಾವುದೋ ಸಣ್ಣ ಜಾತಿಯ ಗೆಣಸಿರಬೇಕು ಅಂದುಕೊಂಡೆ. ಬಾಲ ಕಂಡ ಮೇಲೆ ಚೀಲ ಕೈಬಿಟ್ಟು ಚೀರಿದೆ. ದಡದಡ ಮೆಟ್ಟಿಲಿಳಿದು ಬಂದ ಮೊಮ್ಮಗ ಚೀಲ ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, "ಏನೂ ಆಗಿಲ್ಲ ಅಜ್ಜಿ, ಒಂದೂ ಹಾಳಾಗಿಲ್ಲ" ಎಂದು ಸಮಾಧಾನ ಹೇಳಿದ. ನನಗೆ ಹೇಳಿದನೋ ಇಲಿಗಳಿಗೆ ಹೇಳಿದನೋ ತಿಳಿಯಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ, ಆರು ತಿಂಗಳ ಮಟ್ಟಿಗೆಂದು ಅಮೆರಿಕಕ್ಕೆ ಹೋಗಿದ್ದಾಗಿನ ಮಾತು. ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ ನಗರಕ್ಕೆ ಅಂಟಿಕೊಂಡ ಆ ಊರಿನ ಹೆಸರು ಕೇರಿ. ಹೆಸರಿನಲ್ಲಷ್ಟೇ ನಮ್ಮ ಕುಂಬಾರಕೇರಿ, ಹೂವಾಡಿಗರ ಕೇರಿಗಳ ನೆಂಟಸ್ತಿಕೆ. ಹಗಲು ಹೊತ್ತು ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ನನಗೆ ಬೇಸರ ಬರದಿರಲೆಂದು ಮಗಳು ಗ್ರಂಥಾಲಯ, ಕನ್ನಡ ಕೂಟ, ವಾರಕ್ಕೊಮ್ಮೆ ದೇವಸ್ಥಾನ ಎಲ್ಲ ಗೊತ್ತುಮಾಡಿ ಇಟ್ಟಿದ್ದಳು. ಮನೆಯಲ್ಲಿ ಹಾವು ಇದೆ ಎಂಬುದನ್ನು ಮಾತ್ರ ಫೋನಿನಲ್ಲಿ ಬಾಯಿಬಿಟ್ಟಿರಲಿಲ್ಲ. ಕೇಳಿದ್ದಕ್ಕೆ, "ಹೇಳಿದ್ರೆ ನೀನು ಬರ್ತಿದ್ಯಾ ಅಮ್ಮ?" ಅಂದಳು. ಬರುತ್ತಿರಲಿಲ್ಲ.

ಹನ್ನೆರಡು ವರ್ಷದ ಮೊಮ್ಮಗನ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ತಳಕ್ಕೆ ಮರದ ಹೆರೆ ಹಾಸಿದೆ, ಮೂಲೆಯಲ್ಲಿ ನೀರಿನ ಬಟ್ಟಲು, ನಡುವೆ ಬಾಯಿ ಕೊರೆದ ತೆಂಗಿನ ಚಿಪ್ಪು. ನಾವು ಬಚ್ಚಲೊಲೆಗೆ ಹಾಕುವ ಚಿಪ್ಪನ್ನು ಅಲ್ಲಿ ಹಾವಿನ ಮನೆಯೆಂದು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಆ ಚಿಪ್ಪಿನಡಿಯಿಂದ ಮೂತಿ ಹೊರಗಿಟ್ಟುಕೊಂಡು ಮಲಗಿದ್ದದ್ದು ಕಾರ್ನ್ ಸ್ನೇಕ್ ಎಂಬ ಜಾತಿಯ ಮರಿ. ಪೆನ್ಸಿಲಿಗಿಂತ ಸಪೂರ, ಉದ್ದ ಒಂದು ಅಡಿಗೆ ಚೂರು ಕಡಿಮೆ, ಕೇಸರಿ ಮೈಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ತೂಕ 7 ಗ್ರಾಂ. ಒಂದು ಪವನಿಗೂ ಒಂದು ಗ್ರಾಂ ಕಡಿಮೆ! ಮೊಮ್ಮಗ ಅದಕ್ಕೆ ನೂಡಲ್ ಎಂದು ಹೆಸರಿಟ್ಟಿದ್ದ. ನನ್ನ ಬಾಯಿಗೆ ಅದು ಹೊಂದಲಿಲ್ಲ. ಶಾವಿಗೆ ಎಂದು ಕರೆದೆ. ಹಾವಿಗೆ ಎರಡೂ ಒಂದೇ.

ಇದರ ಹೊಟ್ಟೆಯಡಿಯ ಕಪ್ಪು-ಬಿಳಿ ಚೌಕಳಿ ಅಲ್ಲಿನ ಬಣ್ಣಬಣ್ಣದ ಮೆಕ್ಕೆಜೋಳದ ತೆನೆಯಂತಿದೆಯೆಂದು ಆ ಹೆಸರು ಬಂತು ಅನ್ನುವವರಿದ್ದಾರೆ. ಜೋಳದ ಕಣಜದ ಸುತ್ತ ಇಲಿ ಹಿಡಿಯಲು ಬರುತ್ತಿತ್ತು, ಅದಕ್ಕೇ ಜೋಳದ ಹಾವು ಅನ್ನುವವರೂ ಇದ್ದಾರೆ. ಇದಕ್ಕೆ ಕೆಂಪು ಇಲಿಹಾವು ಎಂಬ ಇನ್ನೊಂದು ಹೆಸರೂ ಉಂಟು. ಅಲ್ಲಿಗೆ ನನಗೆ ಗುರುತು ಹತ್ತಿತು. ನಮ್ಮ ತೋಟದ ಕೇರೆ ಹಾವಿನ ದೂರದ ದಾಯಾದಿ. ವಿಷವಿಲ್ಲ, ಸುತ್ತಿ ಬಿಗಿದು ಕೊಲ್ಲುವ ಜಾತಿ. ಆ ಸೀಮೆಯ ಕಾಡಿನಲ್ಲಿ ತಾನಾಗಿಯೇ ಇರುವಂಥದ್ದು. ಶಾವಿಗೆ ಮಾತ್ರ ಸಾಕಿದ ಹಾವುಗಳ ಮೊಟ್ಟೆಯಿಂದ ಯಾರದೋ ಮನೆಯಲ್ಲಿ ಹುಟ್ಟಿದ್ದು. ಅಲ್ಲಿನ ಜನ ಇದನ್ನು ಕಾಪರ್‌ಹೆಡ್ ಎಂಬ ವಿಷದ ಹಾವೆಂದು ತಪ್ಪು ತಿಳಿದು ಬಡಿದು ಹಾಕುವುದೂ ಉಂಟಂತೆ. ಆ ವಿಷಯದಲ್ಲಿ ಎಲ್ಲ ಊರಿನ ದೊಣ್ಣೆಗಳಿಗೂ ಒಂದೇ ಬುದ್ಧಿ.

ಫ್ರೀಜರಿನ ಘಟನೆಯ ಮರುದಿನವೇ ಗ್ಯಾರೇಜಿಗೆ ಬೇರೆ ಪುಟ್ಟ ಫ್ರಿಜ್ಜು ಬಂತು. ನಾನು ಗಲಾಟೆ ಮಾಡಿದ್ದಕ್ಕಲ್ಲ. ಮೊದಲೇ ಹಾಗೆ ಇರಬೇಕಿತ್ತಂತೆ. ಹಾವು, ಅದರ ಇಲಿ ಎರಡರ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಅಡುಗೆಮನೆಗೆ ಯಾವುದೂ ತಾಗಬಾರದು. ಇಲಿ ಕರಗಿಸುವ ಲೋಟ ಬೇರೆ, ಹಿಡಿಯುವ ಚಿಮಟ ಬೇರೆ, ತಕ್ಕಡಿ ಬೇರೆ, ಬಟ್ಟಲು ತೊಳೆಯುವ ಜಾಗ ಬೇರೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಬಾಗಿಲ ಹಿಡಿಯನ್ನೂ ಮುಟ್ಟುವಂತಿಲ್ಲ. ನನ್ನ ಅತ್ತೆಯವರ ಮಡಿಯಡಿಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವಳು ನಾನು. ಇಷ್ಟು ಬಿಗಿ ಅವರಲ್ಲೂ ಇರಲಿಲ್ಲ.

ಗ್ಯಾರೇಜಿನ ಚೀಲಗಳ ಮೇಲೆ ಇಲಿಗಳ ದರ್ಜೆ ಬರೆದಿರುತ್ತದೆ. ಹುಟ್ಟಿ ಒಂದೆರಡು ದಿನದ್ದು ಪಿಂಕಿ, ನವಿರು ರೋಮ ಬಂದದ್ದು ಫಝಿ, ಕುಪ್ಪಳಿಸುವ ಪ್ರಾಯದ್ದು ಹಾಪರ್, ಆಮೇಲೆ ದೊಡ್ಡದು. ಥೇಟು ನಮ್ಮ ಅಡಿಕೆ ಮಂಡಿಯ ಸರಕು, ಬೆಟ್ಟೆ, ರಾಶಿ, ಗೊರಬಲು. ಹಾವಿನ ಮೈಯ ಅತಿ ದಪ್ಪ ಭಾಗ ಎಷ್ಟಿದೆಯೋ ಅಷ್ಟು ದಪ್ಪದ್ದು, ಹೆಚ್ಚೆಂದರೆ ಅದರ ಒಂದೂವರೆಯಷ್ಟು ದಪ್ಪದ್ದು ಕೊಡಬೇಕು. ಶಾವಿಗೆಗೆ ಐದಾರು ದಿನಕ್ಕೆ ಒಂದು ಪಿಂಕಿ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ ಹೆಪ್ಪು ಬಿಡಿಸಬೇಕು. ಕೊಡುವ ಹೊತ್ತಿಗೆ ಪ್ಲಾಸ್ಟಿಕ್ ಚೀಲದ ಸಮೇತ ಬಿಸಿನೀರಿನಲ್ಲಿ ಮುಳುಗಿಸಿ, ಬದುಕಿರುವ ಇಲಿಯ ಮೈಯಷ್ಟು ಬೆಚ್ಚಗಾಗಿಸಬೇಕು. ತಣ್ಣಗಿನ ಇಲಿ ಅದರ ಲೆಕ್ಕದಲ್ಲಿ ಇಲಿಯೇ ಅಲ್ಲ. "ಮೈಕ್ರೋವೇವಲ್ಲಿ ಮಾತ್ರ ಇಡಬೇಡ ಅಜ್ಜಿ, ಒಳಗೆ ಬೆಂದುಹೋಗ್ತದೆ, ಒಡೆದೂ ಹೋಗಬಹುದು" ಅಂತ ಮೊಮ್ಮಗ ಎಚ್ಚರಿಸಿದ. ಆ ಕೆಲಸಕ್ಕೆ ನಾನು ಕೈ ಹಾಕುತ್ತೇನೆಂದು ಅವನಿಗೆ ಅನ್ನಿಸಿದ್ದೇ ನನಗೆ ದೊಡ್ಡ ಸುದ್ದಿ.

ಬದುಕಿರುವ ಇಲಿಯನ್ನೇ ಯಾಕೆ ಬಿಡುವುದಿಲ್ಲ ಅಂದರೆ, ಹಾವು ಹಸಿದಿಲ್ಲದಿದ್ದರೆ ಬಲಿತ ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಪೆಟ್ಟಿಗೆಯೊಳಗೆ ಇಬ್ಬರಿಗೂ ಓಡಲು ದಾರಿಯಿಲ್ಲವಲ್ಲ.

ಇಷ್ಟೆಲ್ಲ ಮಡಿ, ಇಷ್ಟೆಲ್ಲ ತಯಾರಿ. ಆದರೆ ಶಾವಿಗೆ ಉಣ್ಣಲಿಲ್ಲ. ಮೊದಲ ವಾರ ಚಿಮಟದ ತುದಿಯ ಇಲಿಯನ್ನು ಮೂಸಿ ಚಿಪ್ಪಿನೊಳಗೆ ಹೋಯಿತು. ಎರಡನೆಯ ವಾರ ಮೂಸಲೂ ಇಲ್ಲ. ಮೂರನೆಯ ವಾರ ತೂಕಕ್ಕಿಟ್ಟರೆ ಅರ್ಧ ಗ್ರಾಂ ಇಳಿದಿತ್ತು. ಕೊಟ್ಟವರ ಮನೆಯಲ್ಲಿ ನಾಲ್ಕು ಸಲ ಉಂಡಿತ್ತೆಂದು ಚೀಟಿಯಲ್ಲಿ ದಿನಾಂಕ ಸಮೇತ ಬರೆದಿತ್ತು. ಇಲ್ಲಿ ಯಾಕೆ ಹೀಗೆ?

ನನಗೆ ನಿದ್ದೆ ಬರಲಿಲ್ಲ ಅಂದರೆ ನಗುತ್ತೀರಿ. ಆದರೆ ಮನೆಯಲ್ಲಿ ಒಂದು ಜೀವ ಉಪವಾಸ ಇರುವಾಗ ತಾನು ಉಂಡು ಮಲಗುವುದು ನಮ್ಮ ಕಡೆಯ ಹೆಂಗಸರಿಗೆ ಬಾರದ ವಿದ್ಯೆ. ಅದು ಹಾವಾದರೇನು! ಗಂಟೆಗೊಮ್ಮೆ ಹೋಗಿ ಇಣುಕುತ್ತಿದ್ದೆ. ಮಕ್ಕಳಿಗೆ ಚಂದಮಾಮನನ್ನು ತೋರಿಸಿ, ಕಾಗೆ ಗುಬ್ಬಿ ಕರೆದು, ಬೇಡವೆಂದರೂ ಇನ್ನೊಂದು ತುತ್ತು ತುರುಕಿ ಬೆಳೆಸಿದ ಕೈ ಇದು. ಸುಮ್ಮನಿರುವುದು ಹೇಗೆ? ಕಡೆಗೆ ಮೊಮ್ಮಗನೇ ಅಂದ: "ಅಜ್ಜಿ, ನೀನು ನೋಡೋದಕ್ಕೇ ಅದು ತಿನ್ತಿಲ್ಲ. ಪ್ಲೀಸ್, ಅದನ್ನ ಅದರ ಪಾಡಿಗೆ ಬಿಡು."

ಅವನ ಮಾತು ನಿಜವೇ ಆಗಿತ್ತು. ಮನೆ ಬದಲಾದ ಮರಿಯನ್ನು ಕನಿಷ್ಠ ಒಂದು ವಾರ ಮುಟ್ಟದೆ, ಇಣುಕದೆ ಬಿಡಬೇಕು. ಕಾಡಿನಲ್ಲಿ ಅಷ್ಟುದ್ದದ ಹಾವಿನ ಮರಿ ಎಲ್ಲರಿಗೂ ಆಹಾರವೇ: ಹಕ್ಕಿಗೆ, ದೊಡ್ಡ ಹಾವಿಗೆ, ಕಪ್ಪೆಗೂ ಕೂಡ. ಮೇಲಿಂದ ಬಗ್ಗಿ ನೋಡುವ ಎರಡು ದೊಡ್ಡ ಕಣ್ಣು ಅಂದರೆ ಅದಕ್ಕೆ ಅಜ್ಜಿಯಲ್ಲ, ಗಿಡುಗ. ಹೆದರಿದ ಹಾವು ಉಣ್ಣುವುದಿಲ್ಲ. ಉಂಡರೆ ಹೊಟ್ಟೆ ಉಬ್ಬಿ, ಓಡಲಾರದೆ ಸಿಕ್ಕಿಬೀಳುತ್ತದೆ.

ಹಾವಿನ ಕುಲದಲ್ಲಿ ತಾಯಿ ಮರಿಗೆ ತುತ್ತು ಕೊಡುವ ಪದ್ಧತಿಯೇ ಇಲ್ಲ. ನಮ್ಮ ತೀರ್ಥಹಳ್ಳಿಯಿಂದ ಘಾಟಿ ಕಡೆ ಹೋದರೆ ಆಗುಂಬೆ. 2005ರಲ್ಲಿ ರೋಮುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದ ಮೇಲೆ ಕಾಳಿಂಗ ಸರ್ಪದ ಸಂಸಾರ ಎಷ್ಟೋ ಬೆಳಕಿಗೆ ಬಂತು. (2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿದಾಗ ವೈಜ್ಞಾನಿಕ ಹೆಸರಿನಲ್ಲೂ ನಮ್ಮ ಕನ್ನಡದ 'ಕಾಳಿಂಗ'ವನ್ನೇ ಇಟ್ಟರು, ಓದಿ ಹಿಗ್ಗಿದ್ದೆ.) ಹಾವುಗಳಲ್ಲಿ ತರಗೆಲೆ ಒಟ್ಟಿ ಗೂಡು ಕಟ್ಟುವ ಮಹಾತಾಯಿ ಆಕೆ. ಮೊಟ್ಟೆಯ ಮೇಲೆ ವಾರಗಟ್ಟಲೆ ಉಪವಾಸ ಕಾವಲು ಕೂರುತ್ತಾಳೆ. ಮರಿ ಹೊರಬರುವ ಹೊತ್ತಿಗೆ ಎದ್ದು ಹೊರಟುಬಿಡುತ್ತಾಳೆ. ಹಸಿದ ಹೊಟ್ಟೆಯಲ್ಲಿ ತನ್ನ ಮರಿಯನ್ನೇ ತಿಂದಾಳೆಂಬ ಹೆದರಿಕೆಗೆ ಹೊರಡುತ್ತಾಳೆ ಎಂದು ನಮ್ಮ ಕಡೆ ಜನ ಹೇಳುತ್ತಾರೆ. ಅವಳ ಮನಸ್ಸಿನಲ್ಲಿ ಏನಿದೆಯೋ. ಮರಿಗೆ ತಾಯಿ ಕಟ್ಟಿಕೊಡುವ ಬುತ್ತಿಯೆಂದರೆ ಮೊಟ್ಟೆಯೊಳಗಿನ ಹಳದಿ ಭಂಡಾರ. ಅದು ಹೊಟ್ಟೆಯಲ್ಲಿ ಉಳಿದಿರುವಷ್ಟು ದಿನ ಹಸಿವಿಲ್ಲ. ಶಾವಿಗೆಯ ಜಾತಿಯಲ್ಲಿ ಹುಟ್ಟಿ ಒಂದು ವಾರ, ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಹಸಿವು ಶುರುವಾಗುವುದು ಆಮೇಲೆ. ಆ ಹಸಿವಿಗೆ ಅದು ಹುಡುಕುವುದು ಇಲಿಯನ್ನೂ ಅಲ್ಲವಂತೆ. ಪುಟ್ಟ ಓತಿಕ್ಯಾತ, ಮರಗಪ್ಪೆ. ಅದಕ್ಕೇ ಹಟ ಹಿಡಿದ ಮರಿಗಳಿಗೆ ಇಲಿಮರಿಯ ಮೂತಿಗೆ ಓತಿಕ್ಯಾತದ ಪೊರೆ ಉಜ್ಜಿ ವಾಸನೆ ಹಿಡಿಸಿ ಕೊಡುವ ಉಪಾಯವಿದೆ. ಮಗು ಅನ್ನ ಬೇಡವೆಂದಾಗ ಮೇಲೊಂದಿಷ್ಟು ಉಪ್ಪಿನಕಾಯಿ ರಸ ಸವರುತ್ತಿದ್ದೆವಲ್ಲ, ಹಾಗೆ.

ಹಾವಿಗೆ ಏನು ಬೇಕು ಎಂದು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ ಎಂಬುದು ಆ ಮೂರು ವಾರದಲ್ಲಿ ಅರಿವಿಗೆ ಬಂತು. ಅರವತ್ತು ವರ್ಷದಿಂದ ಹಾವಿಗೆ ಊಟ ಹಾಕುತ್ತಾ ಬಂದವಳು ನಾನು. ಶ್ರಾವಣ ಶುದ್ಧ ಪಂಚಮಿ ಬಂದರೆ ಹುತ್ತಕ್ಕೆ, ನಾಗರಕಲ್ಲಿಗೆ ತನಿ ಎರೆಯುವುದು. ಒಂದು ಚೊಂಬು ಹಾಲು. ಹಾವಿಗೆ ಹಾಲು ಅರಗುವುದಿಲ್ಲ ಎಂದು ನಾನೇ ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದುಂಟು. ಮನೆಗೆ ಬಂದು ಎರೆದದ್ದೂ ಉಂಟು. ಹಿಂದೆ ಹಾವಾಡಿಗರು ಬುಟ್ಟಿ ಹೊತ್ತು ಬರುತ್ತಿದ್ದರು. ಆ ನಾಗರಹಾವು ಬಟ್ಟಲಿಗೆ ಬಾಯಿ ಹಾಕಿ ಹಾಲು ಕುಡಿಯುವುದನ್ನು ಕಣ್ಣಾರೆ ಕಂಡು ಕೈ ಮುಗಿದಿದ್ದೇವೆ. ಹಬ್ಬಕ್ಕೆ ಮುಂಚೆ ದಿನಗಟ್ಟಲೆ ನೀರು ಕೊಡದೆ ಒಣಗಿಸಿ ತಂದದ್ದು ಅದು. ಎದುರಿಗೆ ಯಾವ ದ್ರವ ಇಟ್ಟರೂ ಕುಡಿಯುತ್ತಿತ್ತು. ಎಷ್ಟೋ ಹಾವುಗಳು ಹಬ್ಬ ಮುಗಿದ ಮೇಲೆ ಆ ಹಾಲಿನಿಂದಲೇ ಸಾಯುತ್ತಿದ್ದವು. ಉಪಕಾರಗೇಡಿಗಳನ್ನು ಕಂಡಾಗ ನಾವು 'ಹಾವಿಗೆ ಹಾಲೆರೆದಂತೆ' ಅನ್ನುತ್ತೇವೆ. ಹಾಲೆರೆಸಿಕೊಂಡ ಹಾವಿನ ಕಡೆಯಿಂದ ಆ ಗಾದೆಯನ್ನು ಯಾರೂ ನೋಡಿದ ಹಾಗಿಲ್ಲ.

ಹಾಲಿನ ಅಪವಾದ ಕೇರೆ ಹಾವಿಗೂ ತಪ್ಪಿದ್ದಲ್ಲ. ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತದೆ ಎಂದು ನಮ್ಮ ಕೊಟ್ಟಿಗೆಯ ಆಳು ಆಣೆ ಮಾಡಿ ಹೇಳುತ್ತಿದ್ದ. ಬೆಳಿಗ್ಗೆ ಹಾಲು ಕಡಿಮೆ ಕರೆದ ದಿನ ಈ ಆಣೆ ಜೋರಾಗುತ್ತಿತ್ತು! ಮೊಮ್ಮಗನ ಪುಸ್ತಕ ತಿರುವುತ್ತಿದ್ದಾಗ ನೋಡಿದೆ, ಅಮೆರಿಕದಲ್ಲೂ ಒಂದು ಹಾವಿದೆ, ಹೆಸರೇ ಮಿಲ್ಕ್ ಸ್ನೇಕ್. ಕೊಟ್ಟಿಗೆಯಲ್ಲಿ ಇಲಿ ಹಿಡಿಯಲು ಬರುತ್ತಿದ್ದ ಬಡಪಾಯಿಯನ್ನು ಅಲ್ಲಿನ ರೈತರೂ ಹಾಲು ಕದಿಯುವ ಕಳ್ಳ ಎಂದೇ ನಂಬಿದ್ದರು. ಹಿಂದಕ್ಕೆ ಬಾಗಿದ ಸೂಜಿಹಲ್ಲಿನ ಬಾಯಿಂದ ಕೆಚ್ಚಲು ಚೀಪುವುದು ಆಗದ ಮಾತು, ಹಸು ಅದನ್ನು ಸಹಿಸುವುದೂ ಆಗದ ಮಾತು. ಎರಡು ದೇಶಗಳ ಹಾಲು ಕರೆಯುವವರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಸುಳ್ಳಿಗೆ ತಲುಪಿದ್ದಾರೆ.

ಶಾವಿಗೆ ಉಂಡದ್ದು ನಾಲ್ಕನೆಯ ವಾರ. ಮರಿ ಕೊಟ್ಟವರು ಹೇಳಿಕೊಟ್ಟಂತೆ ಮೊಮ್ಮಗ ಮೊಸರಿನ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ತೂತು ಕೊರೆದು, ಹಾವನ್ನೂ ಬೆಚ್ಚಗಿನ ಇಲಿಮರಿಯನ್ನೂ ಒಳಗಿಟ್ಟು ಮುಚ್ಚಿ, ಡಬ್ಬಿಯನ್ನು ಪೆಟ್ಟಿಗೆಯ ಬೆಚ್ಚಗಿನ ಬದಿಯಲ್ಲಿಟ್ಟು, ದೀಪ ಆರಿಸಿ ಕೋಣೆಯ ಬಾಗಿಲು ಹಾಕಿದ. ಇಡೀ ರಾತ್ರಿ ಯಾರೂ ಒಳಗೆ ಹೋಗಬಾರದು. ಅವನು ನಡುಮನೆಯಲ್ಲಿ ಸೋಫಾ ಮೇಲೆ ಮಲಗಿದ. ಬೆಳಿಗ್ಗೆ ಮುಚ್ಚಳ ತೆಗೆದರೆ ಡಬ್ಬಿಯಲ್ಲಿ ಹಾವು ಮಾತ್ರ ಇತ್ತು, ಶಾವಿಗೆ ಎಳೆಯಲ್ಲಿ ಒಂದು ಗಂಟು ಬಿದ್ದ ಹಾಗೆ. ಮಗಳು, ಅಳಿಯ, ನಾನು, ಎಲ್ಲರೂ ಸುತ್ತ ನಿಂತು ನೋಡಿದೆವು. ಅಳಿಯ ಮಾತು ಕಡಿಮೆ, "ಗುಡ್" ಅಂದ. ನನಗೆ ಮಾತ್ರ ಅನ್ನಪ್ರಾಶನದ ಸಂಭ್ರಮ.

ಆಮೇಲೆ ಚಿಮಟದಿಂದಲೇ ಉಣ್ಣತೊಡಗಿತು. ಉಣ್ಣುವುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಇಷ್ಟಕ್ಕೆ ಅಪ್ಪಣೆಯಿತ್ತು. ಮೊದಲು ನಾಲಗೆ. ಗಾಳಿಯ ವಾಸನೆಯನ್ನು ನಾಲಗೆಯ ಕವಲಿನಲ್ಲಿ ಒರೆಸಿಕೊಂಡು ಅಂಗುಳಿಗೆ ಒಯ್ಯುತ್ತದೆ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದಾಯಿತು. ಇಲಿ ಸತ್ತದ್ದೇ ಆದರೂ ಅಭ್ಯಾಸಕ್ಕೆ ಒಂದು ಸುತ್ತು ಬಿಗಿಯುತ್ತದೆ. ಬಿಟ್ಟು, ಮೂಸಿ ಮೂಸಿ ತಲೆ ಯಾವ ಕಡೆಯೆಂದು ಹುಡುಕುತ್ತದೆ, ಏಕೆಂದರೆ ತಲೆಯಿಂದ ನುಂಗಿದರೆ ಕೈಕಾಲು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಗಂಟಲಿಗೆ ಅಡ್ಡ ಸಿಗುವುದಿಲ್ಲ. ಹಾವು ದವಡೆ ಕಳಚಿಕೊಂಡು ನುಂಗುತ್ತದೆ ಅನ್ನುವುದು ಸುಳ್ಳು. ಕೆಳದವಡೆಯ ಎರಡು ತುಂಡುಗಳು ಗಲ್ಲದಲ್ಲಿ ನಮ್ಮ ಹಾಗೆ ಬೆಸೆದುಕೊಂಡಿಲ್ಲ, ಹಿಗ್ಗುವ ನಾರಿನಿಂದ ಕಟ್ಟಿವೆ, ಅಷ್ಟೇ. ಎಡ ಒಂದು ಹೆಜ್ಜೆ, ಬಲ ಒಂದು ಹೆಜ್ಜೆ. ಬಾಯಿ ತುತ್ತಿನ ಮೇಲೆ ನಡೆದುಕೊಂಡು ಹೋಗುತ್ತದೆ. ಅಷ್ಟು ಹೊತ್ತು ಉಸಿರು? ಅದಕ್ಕೂ ವ್ಯವಸ್ಥೆಯಿದೆ. ಶ್ವಾಸನಾಳದ ಬಾಯಿ ನಾಲಗೆಯ ಬುಡದ ಹತ್ತಿರ ಮುಂದಕ್ಕೆ ಚಾಚಿಕೊಂಡು, ತುತ್ತಿನಡಿಯಿಂದಲೇ ಗಾಳಿ ಎಳೆಯುತ್ತಿರುತ್ತದೆ. ಕಡೆಯಲ್ಲಿ ಬಾಲ ಒಳಗೆ ಹೋದ ಮೇಲೆ ಒಂದು ದೊಡ್ಡ ಆಕಳಿಕೆ ತೆಗೆದು ದವಡೆಗಳನ್ನು ಸರಿಪಡಿಸಿಕೊಳ್ಳುತ್ತದೆ. ತೃಪ್ತಿಯೋ ಏನೋ ಗೊತ್ತಿಲ್ಲ. ನೋಡುವವರಿಗಂತೂ ಹಾಗೆ ಕಾಣುತ್ತದೆ.

ಇಲಿಯ ಮಾತು ಆಡದಿದ್ದರೆ ತಪ್ಪಾದೀತು. ನಾವು ಈರುಳ್ಳಿಯನ್ನೂ ಹಬ್ಬದ ದಿನ ದೂರ ಇಡುವವರು. ಕಣ್ಣು ತೆರೆಯದ ಆ ಮರಿಗಳನ್ನು ಇದಕ್ಕೆಂದೇ ಹುಟ್ಟಿಸಿ, ಇಂಗಾಲದ ಡೈ ಆಕ್ಸೈಡ್ ಅನಿಲದಲ್ಲಿ ಕೊಂದು, ಎಣಿಸಿ ಚೀಲಕ್ಕೆ ತುಂಬುವ ಉದ್ಯಮವೇ ಇದೆ. ಮೊಮ್ಮಗನನ್ನು ಕೇಳಿದೆ, "ಹಾವು ನಿನ್ನ ಪ್ರೀತಿಯದ್ದು, ಸರಿ. ಇಲಿ ಯಾರ ಪ್ರೀತಿಯದ್ದು ಮಾರಾಯ?" ಅವನು ದೇವರ ಮನೆಯ ಕಡೆ ಕೈ ತೋರಿಸಿದ. ಅಲ್ಲಿ ಗಣಪತಿಯ ಪಟವಿತ್ತು. ಹೊಟ್ಟೆಗೆ ಹಾವು, ಕಾಲಡಿ ಇಲಿ. ಚೌತಿಯ ರಾತ್ರಿ ಕಡುಬು ಬಿಗಿದು ಬರುತ್ತಿದ್ದ ಗಣಪನ ಇಲಿ ದಾರಿಯಲ್ಲಿ ಹಾವು ಕಂಡು ಬೆದರಿ ಎಡವಿ, ಹೊಟ್ಟೆಯೊಡೆದು, ಅದೇ ಹಾವನ್ನು ಹಿಡಿದು ಹೊಟ್ಟೆಗೆ ಬಿಗಿದುಕೊಂಡ ಕತೆಯನ್ನು ಅವನಿಗೆ ಹೇಳಿದವಳು ನಾನೇ. "ಗಣಪತಿ ಇಬ್ಬರನ್ನೂ ಇಟ್ಕೊಂಡಿದಾನಲ್ಲ" ಅಂದ. ಪಟದಲ್ಲಿ ಇಬ್ಬರಿಗೂ ಹಸಿವಿಲ್ಲ ಎಂದು ಹೇಳಬೇಕಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ.

ಲೆಕ್ಕ ಹಾಕಿ ನೋಡಿದೆ. ಈ ಹಾವು ಸಾಕಿದಲ್ಲಿ 15ರಿಂದ 20 ವರ್ಷ ಬದುಕುತ್ತದೆ. ಬೆಳೆದ ಮೇಲೆ ಎರಡು ವಾರಕ್ಕೊಂದು ಇಲಿ ಎಂದರೂ ಒಟ್ಟು ಐನೂರರ ಹತ್ತಿರ. ಅಷ್ಟು ಹೊತ್ತಿಗೆ ಹುಡುಗನಿಗೆ ಮೂವತ್ತು ದಾಟಿರುತ್ತದೆ. ಕಾಲೇಜಿಗೆ ಹೋದಾಗ ಯಾರು ಉಣಿಸುತ್ತಾರೆ? ಮಗಳು ಉತ್ತರ ಕೊಡಲಿಲ್ಲ; ಆ ಮೌನದಲ್ಲಿ ಉತ್ತರ ಇತ್ತು. ಪೆಟ್ಟಿಗೆಯಲ್ಲಿ ಹಾವು ಸಾಕುವುದರ ಮೇಲೆ ನನ್ನ ತಕರಾರು ಇವತ್ತಿಗೂ ಪೂರ್ತಿ ಹೋಗಿಲ್ಲ.

ಇನ್ನು ನನ್ನ ಅಪರಾಧದ ಕತೆ. ಉಂಡ ಮೇಲೆ 48 ಗಂಟೆ ಹಾವನ್ನು ಮುಟ್ಟುವಂತಿಲ್ಲ. ಹೊಟ್ಟೆಯೊಳಗೆ ಆಗ ನಡೆಯುವುದು ಸಾಮಾನ್ಯ ಕೆಲಸವಲ್ಲ. ಬರ್ಮಾ ಹೆಬ್ಬಾವುಗಳ ಮೇಲೆ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ನಡೆಸಿದ ಅಧ್ಯಯನವೊಂದು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು: ದೊಡ್ಡ ಊಟವಾದ ಎರಡು ದಿನದೊಳಗೆ ಆ ಹಾವಿನ ಹೃದಯದ ಸ್ನಾಯು ಶೇ 40ರಷ್ಟು ಬೆಳೆಯುತ್ತದೆ, ಜೀರ್ಣವಾದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಒಂದು ಊಟಕ್ಕೆ ಎದೆಯನ್ನೇ ದೊಡ್ಡದು ಮಾಡಿಕೊಳ್ಳುವ ಪ್ರಾಣಿ. ಶಾವಿಗೆ ಹೆಬ್ಬಾವಲ್ಲ, ಆದರೂ ಅರಗಿಸಿಕೊಳ್ಳಲು ಅದಕ್ಕೂ ಹೊರಗಿನ ಬಿಸಿ ಬೇಕೇ ಬೇಕು. ನಮ್ಮ ಹಾಗೆ ಜಠರಾಗ್ನಿಯನ್ನು ಒಳಗೇ ಹೊತ್ತಿಸಿಕೊಂಡು ತಿರುಗುವ ಜಾತಿಯಲ್ಲ. ಅದಕ್ಕಾಗಿ ಪೆಟ್ಟಿಗೆಯ ಒಂದು ಬದಿಯ ತಳದಲ್ಲಿ ವಿದ್ಯುತ್ತಿನ ಹಾಸು, 85 ಡಿಗ್ರಿ ಫ್ಯಾರನ್‌ಹೀಟ್. ಇನ್ನೊಂದು ಬದಿ ಹತ್ತು ಡಿಗ್ರಿ ತಂಪು. ಹಾವು ತನಗೆ ಬೇಕಾದಲ್ಲಿ ಮಲಗುತ್ತದೆ.

ನವೆಂಬರಿನ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯ ದೀಪಗಳನ್ನು ಆರಿಸುತ್ತಾ ಬಂದೆ. ಉರಿಯುವ ದೀಪ ಕಂಡರೆ ಆರಿಸುವುದು ನಮ್ಮ ಕಾಲದವರ ಚಟ. ಮೊಮ್ಮಗನ ಕೋಣೆಯಲ್ಲಿ ಮೇಜಿನ ಹಿಂದೆ ಒಂದು ಕೆಂಪು ಚುಕ್ಕಿ. ಅಲ್ಲಿ ಗೋಡೆಯ ಪ್ಲಗ್ಗುಗಳಿಗೆ ಸ್ವಿಚ್ಚೇ ಇರುವುದಿಲ್ಲ. ಬಗ್ಗಿ ಪ್ಲಗ್ಗನ್ನೇ ಎಳೆದುಬಿಟ್ಟೆ. ಶಾವಿಗೆ ಅಂದು ಸಂಜೆಯಷ್ಟೇ ಉಂಡಿತ್ತು.

ಯಾರಿಗೂ ಗೊತ್ತಾಗಲಿಲ್ಲ. ಮೂರನೆಯ ದಿನ ಕೋಣೆ ನಾರತೊಡಗಿತು. ಅರೆಬರೆ ಕರಗಿದ ಇಲಿಯನ್ನು ಕಕ್ಕಿ, ಅದರಿಂದ ಆದಷ್ಟು ದೂರದ ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ತಣ್ಣಗಿನ ಹೊಟ್ಟೆಯಲ್ಲಿ ಊಟ ಅರಗದೆ ಕೊಳೆಯುತ್ತದೆ, ಕಕ್ಕದಿದ್ದರೆ ಹಾವೇ ಸಾಯುತ್ತದೆ. ಮೊಮ್ಮಗ ಮೇಜಿನ ಹಿಂದೆ ಬಗ್ಗಿ ಪ್ಲಗ್ಗು ನೋಡಿದ, ನನ್ನ ಮುಖ ನೋಡಿದ. ಒಂದು ಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಕ್ಕಿದ ಹಾವಿಗೆ ತಕ್ಷಣ ಮತ್ತೆ ಕೊಡಬಾರದು. ಊಟದ ಜೊತೆ ಜಠರರಸವೂ ಹೊರಗೆ ಹೋಗಿರುತ್ತದೆ, ಗಂಟಲು ಬೆಂದಿರುತ್ತದೆ. ಹತ್ತರಿಂದ ಹದಿನಾಲ್ಕು ದಿನ ಬರಿಯ ನೀರು, ಆಮೇಲೆ ಮೊದಲಿಗಿಂತ ಸಣ್ಣ ಇಲಿ. ನಾವು ಹದಿನಾಲ್ಕು ದಿನವೇ ಕಾದೆವು. ಆ ದಿನಗಳಲ್ಲಿ ನಾನು ಆ ಕೋಣೆಗೆ ಹೋಗಲಿಲ್ಲ. ಹದಿನಾಲ್ಕನೆಯ ಸಂಜೆ ಮೊಮ್ಮಗ ಚೀಲದಲ್ಲಿದ್ದ ಅತಿ ಸಣ್ಣ ಪಿಂಕಿಯನ್ನು ಆರಿಸಿ, ಬಿಸಿನೀರಿನ ಲೋಟವನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೋ ಅಜ್ಜಿ" ಅಂದ. ಹಿಡಿದುಕೊಂಡೆ. ಆಮೇಲೆ ಪ್ರತಿ ಸಲ ಲೋಟ ಹಿಡಿಯುವ ಕೆಲಸ ನನ್ನದೇ ಆಯಿತು. ಇಲಿ ಬೆಚ್ಚಗಾಯಿತೋ ಇಲ್ಲವೋ ಎಂದು ಚೀಲದ ಮೇಲಿಂದ ಹೆಬ್ಬೆರಳಲ್ಲಿ ಒತ್ತಿ ಹೇಳುವಷ್ಟು ಹದ ಕೈಗೆ ಬಂತು. ಸಕ್ಕರೆ ಪಾಕದ ಎಳೆ ನೋಡಿದ ಬೆರಳು, ಕಲಿಯಲು ಹೊತ್ತು ಹಿಡಿಯಲಿಲ್ಲ. ಜನವರಿಯಲ್ಲಿ ಒಮ್ಮೆ ಮತ್ತೆ ಉಣ್ಣಲಿಲ್ಲ. ಕಣ್ಣಿಗೆ ಹಾಲು ಕವಿದಂತೆ ನೀಲಿ ಪೊರೆ ಬಂದಿತ್ತು. "ಪೊರೆ ಬಿಡ್ತದೆ, ಆಮೇಲೆ ಉಣ್ತದೆ, ಸುಮ್ನಿರು" ಎಂದು ಈ ಸಲ ನಾನೇ ಅವನಿಗೆ ಹೇಳಿದೆ.

ನಾನು ಊರಿಗೆ ಹೊರಡುವ ಮೊದಲು ಅವನು ಕೇಳಿದ: "ನಿಮ್ಮ ತೋಟದ ಕೇರೆ ಹಾವನ್ನ ನಾನು ಬಂದಾಗ ಸಾಕಬಹುದಾ?" ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಹಾವನ್ನು ಹಿಡಿದಿಟ್ಟುಕೊಂಡರೆ ಅಪರಾಧ. ಹೊರದೇಶದ ಹಾವು ಸಾಕುವ ಶೋಕಿ ಬೆಂಗಳೂರಿಗೂ ಬಂದಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಯಾದರೆ ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಜಾರಿಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ 10 ಹಳದಿ ಅನಕೊಂಡಗಳು ಸಿಕ್ಕಿದ್ದವು. ಪತ್ರಿಕೆಯಲ್ಲಿ ಓದಿದಾಗ ಕಳ್ಳಸಾಗಣೆಯ ಸುದ್ದಿಯಾಗಿತ್ತು ನನಗೆ. ಈಗ ನೆನೆದರೆ, ಕಡೆಯ ಸಲ ಅವು ಯಾವಾಗ ಉಂಡಿದ್ದವೋ, ವಿಮಾನದ ತಣ್ಣಗಿನ ಹೊಟ್ಟೆಯಲ್ಲಿ ಆ ಊಟ ಏನಾಯಿತೋ ಅನ್ನಿಸುತ್ತದೆ.

ಮೊನ್ನೆ ಪಂಚಮಿ. ಬೆಳಿಗ್ಗೆ ಅಲ್ಲಿಂದ ವಿಡಿಯೊ ಕರೆ ಬಂತು. ಅಲ್ಲಿ ಹಿಂದಿನ ದಿನದ ರಾತ್ರಿ. ಶಾವಿಗೆಗೆ ಈಗ ವರ್ಷ ತುಂಬುತ್ತಾ ಬಂತು, 70 ಗ್ರಾಂ. ಒಂಬತ್ತು ಪವನಿಗೆ ಎರಡೇ ಗ್ರಾಂ ಕಡಿಮೆ. ಪಿಂಕಿ ದಾಟಿ, ಫಝಿ ದಾಟಿ ಹಾಪರಿಗೆ ಬಂದಿದೆ. "ತೋರಿಸು" ಅಂದೆ. "ಈಗಷ್ಟೇ ಉಂಡಿದೆ ಅಜ್ಜಿ, ನಾಡಿದ್ದು ಮಾಡು" ಎಂದು ಕರೆ ಕತ್ತರಿಸಿದ.

ಚೊಂಬು ಹಿಡಿದು ನಾಗರಕಲ್ಲಿನ ಹತ್ತಿರ ಹೋದೆ. ಅರಿಶಿನ ಹಚ್ಚಿ, ಹೂವಿಟ್ಟು, ಒಂದು ಉದ್ಧರಣೆ ಹಾಲು ಎರೆದೆ. ಹುತ್ತದ ಕಡೆ ಹೋಗಲಿಲ್ಲ. ಉಳಿದ ಹಾಲನ್ನು ಮನೆಗೆ ತಂದು ಪಾಯಸಕ್ಕೆ ಹಾಕಿದೆ. ಶಾವಿಗೆ ಪಾಯಸ.